ಟ್ರ್ಯಾಕ್ಟರ್ ಎಂಜಿನ್‌ನ ಆಯಿಲ್ ಸಂಪ್ ಬಿರುಕು: ಬೆಸುಗೆಯಿಂದ ದುರಸ್ತಿ

ಎಂಜಿನ್‌ನ ತಳದಲ್ಲಿ ಎಣ್ಣೆಯನ್ನು ಹಿಡಿದಿಡುವ ತೊಟ್ಟಿಗೆ ಆಯಿಲ್ ಸಂಪ್ ಎಂದು ಹೆಸರು. ಗ್ಯಾರೇಜುಗಳಲ್ಲಿ ಇದನ್ನು ಚೇಂಬರ್ ಎನ್ನುವುದೂ ಉಂಟು. 35ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರ್‌ಗಳಲ್ಲಿ ಸಾಮಾನ್ಯವಾಗಿ 6ರಿಂದ 8 ಲೀಟರ್ ಎಣ್ಣೆ ಇದರಲ್ಲಿರುತ್ತದೆ. ಬದುವಿನ ಕಲ್ಲು ಅಥವಾ ಮಣ್ಣಿನಲ್ಲಿ ಹುದುಗಿದ ಮರದ ಬೊಡ್ಡೆ ತಗುಲಿದಾಗ, ಡ್ರೈನ್ ಪ್ಲಗ್ಗನ್ನು ಅತಿಯಾಗಿ ಬಿಗಿದಾಗ ಸಂಪ್ ಬಿರುಕು ಬಿಡುತ್ತದೆ. ಎಣ್ಣೆಯ ಒತ್ತಡ ಕುಸಿದ ಮೇಲೆ ಎಂಜಿನ್ ಓಡುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗುಗಳು ಕ್ರ್ಯಾಂಕ್‌ಶಾಫ್ಟನ್ನು ಕಚ್ಚಿ ಹಿಡಿಯಬಹುದು. ಆದ್ದರಿಂದ ಎಣ್ಣೆಯ ದೀಪ ಹೊತ್ತಿದ ಕೂಡಲೇ, ಸಾಲು ಮುಗಿಯಲೆಂದು ಕಾಯದೆ, ಎಂಜಿನ್ ನಿಲ್ಲಿಸಿರಿ.

ಮೊದಲು, ಸೋರಿಕೆ ಬಿರುಕಿನಿಂದಲೇ ಆಗುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪ್ಯಾಕಿಂಗ್, ಡ್ರೈನ್ ಪ್ಲಗ್‌ನ ವಾಷರ್ ಅಥವಾ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲ್‌ನಿಂದ ಜಿನುಗಿದ ಎಣ್ಣೆಯೂ ಸಂಪ್‌ನ ಮೇಲೆಯೇ ಹರಿದು ಬರುತ್ತದೆ. ಹೊರಮೈಯನ್ನು ಚೆನ್ನಾಗಿ ತೊಳೆದು ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಎಣ್ಣೆಯ ಮಟ್ಟ ಸರಿಯಿದ್ದರೆ ಸ್ವಲ್ಪ ಹೊತ್ತು ಎಂಜಿನ್ ಓಡಿಸಿ ನೋಡಿರಿ. ಪುಡಿ ಒದ್ದೆಯಾಗತೊಡಗುವ ಜಾಗವೇ ಸೋರಿಕೆಯ ಮೂಲ. ಒಂದು ವಾಷರ್ ಬದಲಿಸಿದರೆ ಸರಿಹೋಗುವ ದೋಷಕ್ಕೆ ಸಂಪ್ ಇಳಿಸುವುದು ವ್ಯರ್ಥ ಶ್ರಮ.

ಬಿರುಕು ಎಂದು ಖಚಿತವಾದರೆ, ಸಂಪ್ ಯಾವ ಲೋಹದ್ದೆಂದು ತಿಳಿಯಬೇಕು. ಆಯಸ್ಕಾಂತ ಹಿಡಿಯದಿದ್ದರೆ ಅದು ಅಲ್ಯೂಮಿನಿಯಂ. ಹಿಡಿದರೆ ಗ್ರೈಂಡರನ್ನು ಒಂದು ಮೂಲೆಗೆ ತಾಗಿಸಿ ಕಿಡಿ ನೋಡಿರಿ: ಉದ್ದನೆಯ ಹೊಳೆಯುವ ಕಿಡಿ ಉಕ್ಕಿನದು, ಮಂಕಾದ ಕೆಂಪು ಬಣ್ಣದ ಗಿಡ್ಡ ಕಿಡಿ ಬೀಡುಕಬ್ಬಿಣದ್ದು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಬೀಡುಕಬ್ಬಿಣದ ಸಂಪ್ ಕೇವಲ ಎಣ್ಣೆಯ ತೊಟ್ಟಿಯಲ್ಲ, ಯಂತ್ರದ ಬೆನ್ನೆಲುಬಿನ ಒಂದು ಭಾಗ. ಮುಂಭಾಗದ ಆಕ್ಸಲ್‌ನ ಆಧಾರ ಅದಕ್ಕೇ ಬೋಲ್ಟ್ ಆಗಿರುತ್ತದೆ. ಆ ಬೋಲ್ಟುಗಳು ಸಡಿಲವಾಗಿದ್ದರೆ, ಅಥವಾ ಮುಂಭಾಗಕ್ಕೆ ಲೋಡರ್ ಜೋಡಿಸಿ ದುಡಿಸಿದರೆ, ಬೋಲ್ಟಿನ ರಂಧ್ರಗಳ ಸುತ್ತ ಬಿರುಕು ಮೂಡುತ್ತದೆ. ಅಂತಹ ಬಿರುಕಿಗೆ ಬೆಸುಗೆ ಹಾಕಿಸಲೇಬೇಡಿ, ಸಂಪ್ ಬದಲಿಸಿರಿ. ಬೆಸುಗೆ ಎಣ್ಣೆಯನ್ನು ತಡೆದೀತು, ಆದರೆ ಹೇರು ತುಂಬಿದ ಟ್ರೈಲರ್ ಎಳೆಯುವಾಗ ಬರುವ ಒತ್ತಡವನ್ನು ತಾಳುತ್ತದೆಂದು ಯಾವ ಕುಶಲಕರ್ಮಿಯೂ ಭರವಸೆ ಕೊಡಲಾರ. ರಸ್ತೆಯಲ್ಲಿ ಅದು ಮುರಿದರೆ ಚಾಲಕನ ಜೀವಕ್ಕೇ ಅಪಾಯ. ಭಾರ ಬೀಳದ ತಳ ಮತ್ತು ಪಕ್ಕದ ಗೋಡೆಗಳಲ್ಲಿನ ಬಿರುಕಿಗೆ ಮಾತ್ರ ಬೆಸುಗೆ ಯೋಗ್ಯ. ಇಂತಹ ಸಂಪ್ ಬಿಚ್ಚುವಾಗ ಟ್ರ್ಯಾಕ್ಟರಿನ ಮುಂಭಾಗವನ್ನೇ ಬೇರ್ಪಡಿಸಬೇಕಾಗುವುದರಿಂದ, ಗಟ್ಟಿಯಾದ ಸ್ಟ್ಯಾಂಡುಗಳಿರುವ ವರ್ಕ್‌ಶಾಪಿನಲ್ಲೇ ಮಾಡಿಸಿರಿ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ನುಸುಳಬಾರದು.

ಎಂಜಿನ್‌ಗೆ ಜೋಡಿಸಿರುವಾಗಲೇ ಸಂಪ್‌ಗೆ ಬೆಸುಗೆ ಹಾಕುವುದು ಸಲ್ಲದು. ಒಳಗಿನ ಎಣ್ಣೆಯ ಆವಿ ಹೊತ್ತಿಕೊಳ್ಳುವ ಅಪಾಯವಿದೆ, ಬಿರುಕಿನೊಳಗಿನ ಎಣ್ಣೆಯೂ ಬೆಸುಗೆಯನ್ನು ಕೆಡಿಸುತ್ತದೆ. ಬಿಚ್ಚಿದ ಸಂಪನ್ನು ಸೋಪಿನ ಪುಡಿ ಬೆರೆಸಿದ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿರಿ. ಪೆಟ್ರೋಲ್ ಬಳಸಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್‌ಗಳನ್ನಂತೂ ಹತ್ತಿರ ತರಲೇಬಾರದು: ಅದರ ಶೇಷ ಬೆಸುಗೆಯ ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಬೀಡುಕಬ್ಬಿಣದಲ್ಲಿ ಸುಮಾರು ಶೇ. 2ರಿಂದ 4ರಷ್ಟು ಇಂಗಾಲವಿರುತ್ತದೆ. ಬೆಸುಗೆಯ ಬಳಿ ಅದು ಬೇಗನೆ ತಣಿದರೆ ಗಾಜಿನಂತೆ ಪೆಡಸಾಗಿ, ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಸಾಮಾನ್ಯ ಉಕ್ಕಿನ ವೆಲ್ಡಿಂಗ್ ಕಡ್ಡಿಯಿಂದ ಮಾಡಿದ ದುರಸ್ತಿ ಹೆಚ್ಚು ಕಾಲ ನಿಲ್ಲದಿರುವುದು ಇದೇ ಕಾರಣಕ್ಕೆ. ಬಿರುಕಿನ ಎರಡೂ ತುದಿಗಳನ್ನು ಹುಡುಕಿ ಸುಮಾರು 3 ಮಿ.ಮೀ. ರಂಧ್ರ ಕೊರೆಯಬೇಕು. ಇದರಿಂದ ಬಿರುಕು ಮುಂದುವರಿಯುವುದು ತಪ್ಪುತ್ತದೆ. ನಂತರ ಬಿರುಕಿನುದ್ದಕ್ಕೂ ಇಳಿಜಾರಾದ ಗಾಡಿ ತೆಗೆದು, ಗ್ಯಾಸ್ ಜ್ವಾಲೆಯಿಂದ ನಿಧಾನವಾಗಿ ಕಾಯಿಸಿ, ಲೋಹ ಹೀರಿಕೊಂಡಿರುವ ಎಣ್ಣೆಯನ್ನು ಹೊಗೆ ನಿಲ್ಲುವವರೆಗೆ ಸುಟ್ಟು ತೆಗೆದು, ತಂತಿ ಬ್ರಷ್‌ನಿಂದ ಉಜ್ಜಬೇಕು. ನಿಕಲ್ ಕಡ್ಡಿಯಿಂದ, ಕಡಿಮೆ ಕರೆಂಟಿನಲ್ಲಿ, ಒಂದು ಬಾರಿಗೆ 25 ಮಿ.ಮೀ.ಗಿಂತ ಹೆಚ್ಚಾಗದಂತೆ ಬೆಸುಗೆ ಹಾಕಿ, ಬಿಸಿಯಿರುವಾಗಲೇ ಸುತ್ತಿಗೆಯ ದುಂಡು ತುದಿಯಿಂದ ಮೆಲ್ಲಗೆ ತಟ್ಟಬೇಕು. ಪಕ್ಕದ ಲೋಹವನ್ನು ಕೈಯಿಂದ ಮುಟ್ಟುವಷ್ಟು ಆರಿದ ಮೇಲೆಯೇ ಮುಂದಿನ ತುಂಡು, ಅದೂ ಬಿರುಕಿನ ಬೇರೊಂದು ಭಾಗದಲ್ಲಿ. ಮೊದಲ ಬೆಸುಗೆಯಲ್ಲಿ ಗುಳ್ಳೆಗಳು ಕಂಡರೆ ಅದನ್ನು ಉಜ್ಜಿ ತೆಗೆದು ಮತ್ತೆ ಹಾಕಬೇಕು. ಮುಗಿದ ನಂತರ ಒಣ ಬೂದಿ ಅಥವಾ ಮರಳಿನಲ್ಲಿ ಹೂತಿಟ್ಟು ತಣಿಯಲು ಬಿಡಿ, ನೀರು ಸುರಿಯಬೇಡಿ. ಈ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಮುಗಿಸುವೆನೆನ್ನುವವರ ಕೈಗೆ ಸಂಪ್ ಕೊಡದಿರುವುದೇ ಲೇಸು. ನಿಕಲ್ ಕಡ್ಡಿ ದುಬಾರಿ. ಅದು ಸಿಗದ ಊರಿನಲ್ಲಿ ಗ್ಯಾಸ್ ಜ್ವಾಲೆಯಿಂದ ಹಿತ್ತಾಳೆ ಬೆಸುಗೆ ಮಾಡಿಸಬಹುದು. ಬೀಡನ್ನು ಕರಗಿಸದೆ ಅಂಟಿಕೊಳ್ಳುವುದರಿಂದ ಅದು ಒಳ್ಳೆಯ ಪರ್ಯಾಯವೇ ಹೌದು.

ಉಕ್ಕಿನ ತಗಡಿನ ಸಂಪ್ ಸುಲಭ. ಆದರೆ ಶಾಖಕ್ಕೆ ಅದರ ಅಂಚು ಸೊಟ್ಟಗಾಗುತ್ತದೆ. ದಪ್ಪ ಕಬ್ಬಿಣದ ತಟ್ಟೆಗೆ ಬೋಲ್ಟ್ ಮಾಡಿ, ಮಿಗ್ ಯಂತ್ರದಿಂದ ಬಿಡಿಬಿಡಿಯಾಗಿ ಬೆಸೆಯಬೇಕು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೂ ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಆದ್ದರಿಂದ ಎಸಿ ಟಿಗ್ ಯಂತ್ರ ಮತ್ತು ಆರ್ಗಾನ್ ಅನಿಲ ಇರುವ ಪಟ್ಟಣದ ವರ್ಕ್‌ಶಾಪಿಗೇ ಅದನ್ನು ಒಯ್ಯಬೇಕು.

ಜೋಡಿಸುವ ಮೊದಲು ಬೆಸುಗೆಯ ಹೊರಬದಿಗೆ ಸುಣ್ಣದ ತಿಳಿ ಬಳಿದು ಒಣಗಿಸಿ, ಒಳಬದಿಗೆ ಸೀಮೆಎಣ್ಣೆ ಸುರಿದು ಒಂದೆರಡು ಗಂಟೆ ಬಿಡಿ. ಸೀಮೆಎಣ್ಣೆ ದೊರೆಯದಿದ್ದರೆ ಡೀಸೆಲ್ ಆದೀತು. ಸುಣ್ಣದ ಮೇಲೆ ಕಲೆ ಮೂಡಿದರೆ ಬೆಸುಗೆ ಇನ್ನೂ ಸೋರುತ್ತಿದೆ ಎಂದರ್ಥ. ಗ್ರೈಂಡರಿನ ಪುಡಿ ಒಂದು ಚಿಟಿಕೆ ಉಳಿದರೂ ಬೇರಿಂಗಿಗೆ ಕೇಡು, ಆದ್ದರಿಂದ ಒಳಭಾಗವನ್ನು ಮತ್ತೆ ತೊಳೆಯಿರಿ. ತಳ ಒಳಗೆ ನುಗ್ಗಿದ್ದರೆ ಅದು ಎಣ್ಣೆ ಹೀರುವ ಜಾಲರಿಗೆ ಒತ್ತಿಕೊಳ್ಳದಂತೆ ಸರಿಪಡಿಸಿರಿ. ಹೊಸ ಪ್ಯಾಕಿಂಗ್ ಹಾಕಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ. ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿರಿ.

ಹೊಲದಲ್ಲಿ ಬಿರುಕಿಗೆ ಸೋಪು ಮೆತ್ತುವುದು ಅಥವಾ ಎಪಾಕ್ಸಿ ಅಂಟು ಹಚ್ಚುವುದು ಟ್ರ್ಯಾಕ್ಟರನ್ನು ಮನೆ ಮುಟ್ಟಿಸುವುದಕ್ಕೆ ಮಾತ್ರ, ಅದೂ ಎಣ್ಣೆಯ ಮಟ್ಟವನ್ನು ಮತ್ತೆ ಮತ್ತೆ ನೋಡುತ್ತಾ. ಬಿತ್ತನೆಯ ಹದ ತಪ್ಪುವ ಆತಂಕವಿದ್ದರೆ ದುರಸ್ತಿಯ ದಿನಗಳಿಗೆ ಸಮೀಪದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆ ಟ್ರ್ಯಾಕ್ಟರ್ ವಿಚಾರಿಸಿರಿ. ದುರಸ್ತಿಯಾದ ಯಂತ್ರವನ್ನು ಮೊದಲ ಹತ್ತು ಗಂಟೆ ಹಗುರ ಕೆಲಸಕ್ಕೆ ಬಳಸಿ, ದಿನವೂ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಬೆಸುಗೆಯನ್ನೂ ಡಿಪ್‌ಸ್ಟಿಕ್ಕನ್ನೂ ಪರೀಕ್ಷಿಸಿರಿ.