ಕೂಡದ ಎರಡು ನೀರುಗಳು

ಆಳಂದದ ಸೀಮೆಯಿಂದ ಹರಿದುಬರುವ ಅಮರ್ಜೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವುದು. ಮುಂದೆ ಜೇವರ್ಗಿಯ ಕಡೆಗೆ ಸಾಗುವ ಪ್ರವಾಹದಲ್ಲಿ ಇದು ಅಮರ್ಜೆಯ ನೀರು, ಇದು ಭೀಮೆಯದು ಎಂದು ಬಿಡಿಸಿ ತೋರಬಲ್ಲವರು ಯಾರು? ನೀರಿಗೆ ನೀರು ಸೇರಿದರೆ ಒಂದಾಗಲೇಬೇಕೆಂಬುದು ನಮ್ಮೆಲ್ಲರ ಅನುಭವ. ಆದರೆ ನೀರಿನೊಡನೆ ಬೆರೆಯದ ನೀರೂ ಉಂಟು.

1896ರಲ್ಲಿ ಹಾಲೆಂಡಿನ ಸೂಕ್ಷ್ಮಜೀವಿ ವಿಜ್ಞಾನಿ ಬೈಯರಿಂಕನು ಜೆಲಟಿನ್ ಕರಗಿದ ನೀರನ್ನೂ ಅಗರ್ ಕರಗಿದ ನೀರನ್ನೂ ಕೂಡಿಸಿ ನೋಡಿದನು. ಅವು ಒಂದಾಗದೆ ಬೇರೆಬೇರೆಯಾಗಿಯೇ ಉಳಿದವು. ಸೋಜಿಗದ ಈ ಸಂಗತಿಯನ್ನು ಆತನು ಬರೆದಿಟ್ಟನು. ಅದು ಕೆಲಸಕ್ಕೊದಗಲು ಸುಮಾರು 60 ವರ್ಷ ಬೇಕಾಯಿತು.

ಜೀವರಸಾಯನ ಶಾಸ್ತ್ರಜ್ಞರ ತೊಡಕು ನಮ್ಮ ಗೃಹಿಣಿಯರಿಗೆ ಸುಲಭವಾಗಿ ತಿಳಿದೀತು. ತೊಗರಿಯನ್ನು ಕೇರುವಾಗ ಹೊಟ್ಟು ಹಾರಬೇಕು, ಬೇಳೆ ಚೆಲ್ಲಬಾರದು. ಪ್ರೋಟೀನುಗಳಾದರೋ ಬೇಳೆಗಿಂತ ನಾಜೂಕು. ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುವು. ಮದ್ಯಸಾರದಂಥ ದ್ರಾವಕ ತಾಗಿದರೆ ಹಲವು ತಮ್ಮ ಗುಣವನ್ನೇ ಕಳೆದುಕೊಳ್ಳುವುವು. ನೀರಿನ ಆಸರೆ ತಪ್ಪಿಸದೆ ಅವನ್ನು ಕಲ್ಮಷದಿಂದ ಬಿಡಿಸುವುದು ಹೇಗೆ?

1950ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಆಲ್ಬರ್ಟ್‌ಸನ್ ಎಂಬ ತರುಣ ವಿಜ್ಞಾನಿಯು ಉತ್ತರ ಕಂಡನು. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಡೆಕ್ಸ್‌ಟ್ರಾನ್ ಎಂಬ ಎರಡು ಉದ್ದ ಸರಪಳಿಯ ವಸ್ತುಗಳನ್ನು ತಕ್ಕ ಪ್ರಮಾಣದಲ್ಲಿ ನೀರಿಗೆ ಹಾಕಿದರೆ ಎರಡು ಪದರಗಳಾಗುವುವು. ಎರಡರಲ್ಲಿಯೂ ಬಹುಪಾಲು ನೀರೇ. ಪ್ರೋಟೀನು ತನಗೆ ಒಗ್ಗುವ ಪದರವನ್ನು ಸೇರುವುದು; ಬೇಡದುದರ ಹೆಚ್ಚುಪಾಲು ಇನ್ನೊಂದಕ್ಕೆ ಹೋಗುವಂತೆ ಪಾಕವನ್ನು ಹೊಂದಿಸಿದರಾಯಿತು. ಡೆಕ್ಸ್‌ಟ್ರಾನಿನ ಬದಲು ಕೆಲವು ಲವಣಗಳೂ ನಡೆಯುತ್ತವೆ. 1960ರಲ್ಲಿ ಆತನ ಗ್ರಂಥ ಹೊರಬಂದು ವಿಧಾನವು ಲೋಕಕ್ಕೆ ಪರಿಚಯವಾಯಿತು.

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ನೆಲೆ ದೊರೆತುದು ಮೈಸೂರಿನಲ್ಲಿ. ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ತೆರೆದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಕೆ.ಎಸ್.ಎಂ.ಎಸ್. ರಾಘವರಾವ್ ಮತ್ತು ಸಂಗಡಿಗರು ಬೀಟ್‌ರೂಟಿನ ರಸವನ್ನು ಹೀಗೆ ಶೋಧಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಬಳಸಿದ ಲವಣ ರೈತರಿಗೆ ಗೊಬ್ಬರವಾಗಿ ಪರಿಚಿತವಾದ ಅಮೋನಿಯಂ ಸಲ್ಫೇಟ್. ಕೆಂಬಣ್ಣದ ಬಹುಪಾಲು ಮೇಲಿನ ಪದರಕ್ಕೇರಿತು. ಸಕ್ಕರೆಯ ಬಹುಪಾಲು ಕೆಳಗುಳಿಯಿತು. ಮರುವರ್ಷ ಅನಾನಸಿನ ಬ್ರೊಮಿಲೇನ್ ಎಂಬ ಕಿಣ್ವದ ಸರದಿ. ಮಾಂಸವನ್ನು ಮೆದುಗೊಳಿಸುವ ಕಿಣ್ವವದು.

ಪದರ ಸೇರಿದ ವಸ್ತುವನ್ನು ಮತ್ತೆ ಅದರಿಂದ ಬಿಡಿಸುವ ಕೆಲಸವೂ ಅದರ ವೆಚ್ಚವೂ ಉಳಿದೇ ಇರುತ್ತವೆ. ಆದರೂ 1896ರ ಆ ನೋಟವನ್ನು ನಿಷ್ಪ್ರಯೋಜಕವೆಂದು ಬಿಟ್ಟಿದ್ದರೆ ಇಷ್ಟೂ ದಾರಿ ತೆರೆಯುತ್ತಿರಲಿಲ್ಲ. ಕಂಡುದನ್ನು ಕಂಡಂತೆ ಬರೆದಿಡುವುದೂ ಲೋಕೋಪಕಾರವೇ.