ಐದಕ್ಕಿಂತ ಎಂಟು ದೊಡ್ಡದಲ್ಲದ ಊರು

ತೂಫಾನು ಸಮುದ್ರದಲ್ಲಿ ಎಲ್ಲಿದೆ ಎಂದು ಹೇಳುವುದು ಒಂದು ವಿದ್ಯೆ. ಅದು ಬಂದಾಗ ನಮ್ಮ ಮನೆಯ ಯಾವ ಗೋಡೆಗೆ ಬಡಿಯುತ್ತದೆ, ನಮ್ಮ ಕೇರಿಗೆ ಎಷ್ಟು ನೀರು ನುಗ್ಗುತ್ತದೆ ಎಂದು ಹೇಳುವುದು ಬೇರೆಯೇ ವಿದ್ಯೆ. ಮೊದಲನೆಯದರ ಚರಿತ್ರೆಯನ್ನು ಎಲ್ಲರೂ ಉತ್ಸಾಹದಿಂದ ಬರೆಯುತ್ತಾರೆ: ವಾಯುಭಾರಮಾಪಕ, ತಂತಿ, ರೇಡಾರ್, ಉಪಗ್ರಹ, ಒಂದಕ್ಕಿಂತ ಒಂದು ಮೇಲು. ಎರಡನೆಯದಕ್ಕೆ ಅಂಥ ಏಣಿ ಹತ್ತಿದ ಕಥೆಯಿಲ್ಲ, ಹಾಗಾಗಿ ಅದನ್ನು ಬರೆದವರೂ ಕಡಿಮೆ. ಆದರೆ ತೂಫಾನಿಗೆ ಜನ ಸಿಕ್ಕಿಬಿದ್ದದ್ದು ಹೆಚ್ಚಾಗಿ ಈ ಎರಡು ವಿದ್ಯೆಗಳ ನಡುವಿನ ಸಂದಿನಲ್ಲೇ. ಆ ಸಂದನ್ನು ಮುಚ್ಚಲು ಒಂದು ಊರು ನೂರಕ್ಕೂ ಹೆಚ್ಚು ವರ್ಷ ಹೆಣಗಿದ ದಾಖಲೆ ನಮ್ಮ ಮುಂದಿದೆ. ಅದು ಹಾಂಗ್‌ಕಾಂಗ್.

ಪಶ್ಚಿಮ ಶಾಂತಸಾಗರದ ತೂಫಾನುಗಳ ಮುನ್ಸೂಚನೆ ಶುರುವಾದದ್ದು ಅಲ್ಲಲ್ಲ, ಮನಿಲಾದಲ್ಲಿ. ಅಲ್ಲಿಯ ಜೆಸ್ಯುಯಿಟ್ ವೀಕ್ಷಣಾಲಯದ ಪಾದ್ರಿ ಫೆದೆರಿಕೊ ಫೌರಾ 1879ರ ಜುಲೈಯಲ್ಲಿ ಮೊದಲ ಎಚ್ಚರಿಕೆ ಹೊರಡಿಸಿದರು. ಮರುವರ್ಷ ಸಮುದ್ರದಡಿಯ ತಂತಿ ಮನಿಲಾವನ್ನೂ ಹಾಂಗ್‌ಕಾಂಗನ್ನೂ ಕೂಡಿಸಿತು. 1883ರಲ್ಲಿ ಹಾಂಗ್‌ಕಾಂಗಿಗೆ ತನ್ನದೇ ವೀಕ್ಷಣಾಲಯ ಬಂತು, ವಿಲಿಯಂ ಡೋಬರ್ಕ್ ಅದರ ಮೊದಲ ನಿರ್ದೇಶಕ. ಮರುವರ್ಷ ಅಲ್ಲಿ ನಿಂತ ಏರ್ಪಾಡನ್ನು ಗಮನಿಸಿ ನೋಡಬೇಕು. ತೂಫಾನು ಊರಿನ ಪೂರ್ವಕ್ಕಿದ್ದರೆ ಕಂಬದ ಮೇಲೆ ಡೋಲಿನ ಆಕೃತಿ, ಪಶ್ಚಿಮಕ್ಕಿದ್ದರೆ ಚೆಂಡು, ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ಮೊನೆ ಮೇಲೆ ಇಲ್ಲವೆ ಕೆಳಗೆ ಮಾಡಿದ ಶಂಕು. ಇವು ಹಡಗಿನವರಿಗಾಗಿ. ಊರಿನವರಿಗೆ ಬೇರೆ ಸನ್ನೆ, ಒಂದು ತೋಪು. ಊರಿಗೆ ಜೋರು ಗಾಳಿ ಬರುವಂತಿದ್ದರೆ ಒಂದು ಗುಂಡು, ತೂಫಾನಿನ ಬಿರುಸೇ ಬರುವಂತಿದ್ದರೆ ಎರಡು. ಒಂದು ಸನ್ನೆ ಎಲ್ಲಿದೆ ಎನ್ನುತ್ತದೆ, ಇನ್ನೊಂದು ಇಲ್ಲಿ ಏನಾದೀತು ಎನ್ನುತ್ತದೆ. ಕಪ್ತಾನನಿಗೆ ಮೊದಲನೆಯದು ಸಾಕು, ಅವನು ದಾರಿ ಬದಲಿಸಿ ತಪ್ಪಿಸಿಕೊಂಡಾನು. ಊರು ಎದ್ದು ಹೋಗುವಂಥದ್ದಲ್ಲ. ಈ ಎರಡೂ ಒಂದೇ ಪ್ರಶ್ನೆಯಲ್ಲ ಎಂಬುದು ಆಗಿನವರಿಗೆ ತಿಳಿದಿತ್ತು, ಮರೆತದ್ದು ಆಮೇಲಿನವರು.

ಇಲ್ಲೊಂದು ಆಕ್ಷೇಪ ಏಳುತ್ತದೆ. ತೋಪು, ಕಂಬ ಎಲ್ಲ ಯಾಕೆ, ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಸಾಯುವ ಅಲ್ಲಿನ ಮೀನುಗಾರರಿಗೆ ಸ್ಥಳದ ಲಕ್ಷಣ ತಿಳಿದಿರಲಿಲ್ಲವೆ? ತಿಳಿದಿತ್ತು. ಯಾವ ಗಾಳಿಗೆ ಯಾವ ಕೊಲ್ಲಿ ಆಸರೆ ಎಂಬ ಲೆಕ್ಕದಲ್ಲಿ ಅವರನ್ನು ಮೀರಿಸಿದವರು ವೀಕ್ಷಣಾಲಯದಲ್ಲಿ ಇರಲಿಲ್ಲವೆಂದೇ ನನ್ನ ಅನಿಸಿಕೆ. ಆದರೆ ಆ ಲೆಕ್ಕ ನಡೆಯಬೇಕಾದರೆ ಮುಂಚೆ ಸುಳಿವು ಬೇಕು. ದೊಡ್ಡ ತೂಫಾನಿನ ಮುಂದೆ ಉದ್ದುದ್ದನೆಯ ಅಲೆಗಳು ದಿನ ಮೊದಲೇ ದಡಕ್ಕೆ ಬರುತ್ತವೆ, ಆಕಾಶ ಬಣ್ಣ ತಿರುಗುತ್ತದೆ. ಚಿಕ್ಕದು, ಅದರಲ್ಲೂ ವೇಗವಾಗಿ ಓಡಿ ಬರುವುದು, ಇಂಥ ಸುಳಿವು ಕೊಡುವುದು ತೀರ ಕಡಿಮೆ. 1906ರ ಸೆಪ್ಟೆಂಬರ್ 18ರ ಬೆಳಗ್ಗೆ ಬಂದದ್ದು ಅಂಥದ್ದು. ಸುಮಾರು ಎರಡೇ ಗಂಟೆಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ದೋಣಿಯವರೇ. ತೋಪು ಹಾರುವ ಹೊತ್ತಿಗೆ ಗಾಳಿ ಊರೊಳಗಿತ್ತು. ಜನ ಡೋಬರ್ಕ್‌ರನ್ನು ಬೈದರು. ಮನಿಲಾದ ಪಾದ್ರಿಗಳು ಹಾಂಗ್‌ಕಾಂಗಿಗೆ ಎಚ್ಚರಿಕೆ ಕಳಿಸುವುದನ್ನು ತಡೆಯಲು 1899ರಲ್ಲಿ ಅಮೆರಿಕನ್ ಅಧಿಕಾರಿಗಳ ತನಕ ದೂರು ಒಯ್ದ ಮನುಷ್ಯ ಅವರು, ಹಾಗಾಗಿ ಅವರ ಪರ ಮಾತಾಡಲು ಯಾರಿಗೂ ಮನಸ್ಸಿರಲಿಲ್ಲ. ಆದರೂ ವಿಚಾರಣೆ ನಡೆಸಿದವರು ವೀಕ್ಷಣಾಲಯದ ಮೇಲೆ ತಪ್ಪು ಹೊರಿಸಲಿಲ್ಲ, ಅದು ಸರಿಯೇ ಎನ್ನಬೇಕು. ಆ ದುರಂತದ ನಿಜವಾದ ಉತ್ತರ ಕಲ್ಲಿನಲ್ಲಿ ಬಂತು: ದೋಣಿಗಳು ಓಡಿಬಂದು ಅಡಗುವಂತೆ ಯೌ ಮಾ ಟೈಯಲ್ಲಿ 1915ರಲ್ಲಿ ಮುಗಿದ ತಡೆಗೋಡೆ.

ನನಗೆ ಇಡೀ ಕಥೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಅಂಕಿಗಳ ಪ್ರಸಂಗ. 1917ರಲ್ಲಿ ಸಂಕೇತಗಳಿಗೆ ಅಂಕಿ ಬಂತು, 1931ರಲ್ಲಿ ಅದು ಒಂದರಿಂದ ಹತ್ತರ ಪಟ್ಟಿಯಾಯಿತು. ಒಂಬತ್ತು ಎಂದರೆ ಗಾಳಿ ಇನ್ನೂ ಏರುತ್ತಿದೆ, ಹತ್ತು ಎಂದರೆ ಪರಮಾವಧಿ. ಆದರೆ ಐದು, ಆರು, ಏಳು, ಎಂಟು ನಾಲ್ಕಕ್ಕೂ ಬಿರುಸು ಒಂದೇ, ಬದಲಾಗುತ್ತಿದ್ದದ್ದು ದಿಕ್ಕು. ಐದು ವಾಯವ್ಯ, ಆರು ನೈಋತ್ಯ, ಏಳು ಈಶಾನ್ಯ, ಎಂಟು ಆಗ್ನೇಯ. ಇದು ಗುಮಾಸ್ತರ ಹುಚ್ಚಲ್ಲ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ತೂಫಾನಿನ ಕೇಂದ್ರ ಸರಿಸುಮಾರು ಎಡಗೈ ಕಡೆ ಇರುತ್ತದೆ. ಅದು ಊರಿನ ದಕ್ಷಿಣಕ್ಕೆ ಹಾದು ಪಶ್ಚಿಮಕ್ಕೆ ಹೋದರೆ ಗಾಳಿ ಈಶಾನ್ಯದಿಂದ ಪೂರ್ವಕ್ಕೆ, ಅಲ್ಲಿಂದ ಆಗ್ನೇಯಕ್ಕೆ ತಿರುಗುತ್ತದೆ. ಉತ್ತರಕ್ಕೆ ಹಾದರೆ ವಾಯವ್ಯದಿಂದ ನೈಋತ್ಯಕ್ಕೆ. ಬಂದರಿನ ಉತ್ತರಕ್ಕೆ ಕೌಲೂನಿನ ಬೆಟ್ಟಸಾಲು, ದಕ್ಷಿಣಕ್ಕೆ ದ್ವೀಪದ ಬೆಟ್ಟಗಳು. ಹಾಗಾಗಿ ಒಂದೇ ಬಿರುಸಿನ ಗಾಳಿ ಒಂದು ದಿಕ್ಕಿನಿಂದ ಬಂದರೆ ಒಂದು ದಡ ಬದುಕುತ್ತದೆ, ತಿರುಗಿದರೆ ಇನ್ನೊಂದು. ಆ ನಾಲ್ಕು ಅಂಕಿಗಳು ಸ್ಥಳದ ಜ್ಞಾನವನ್ನು ಕಂಬದ ಮೇಲೆ ಕಟ್ಟುವ ಯತ್ನ. ಜನ ಓದಿದ್ದು ಬೇರೆ. ಅಂಕಿ ಎಂದ ಮೇಲೆ ಐದಕ್ಕಿಂತ ಎಂಟು ದೊಡ್ಡದಾಗಲೇಬೇಕಲ್ಲ! ಐದು ಏರಿದಾಗ ಇನ್ನೂ ಹೊತ್ತಿದೆ ಎಂದುಕೊಂಡರೆ ಅವರನ್ನು ಅನ್ನುವಂತಿರಲಿಲ್ಲ. ಕೊನೆಗೆ 1973ರಲ್ಲಿ ನಾಲ್ಕನ್ನೂ ಎಂಟರೊಳಗೆ ಸೇರಿಸಿ, ದಿಕ್ಕನ್ನು ಅದರ ಬಾಲಕ್ಕೆ ಕಟ್ಟಿದರು: ಎಂಟು ವಾಯವ್ಯ, ಎಂಟು ಆಗ್ನೇಯ, ಹೀಗೆ. ಇವತ್ತಿಗೂ ಹಾಂಗ್‌ಕಾಂಗಿನ ಪಟ್ಟಿ ಒಂದು, ಮೂರು, ಎಂಟು, ಒಂಬತ್ತು, ಹತ್ತು ಎಂದು ಹಲ್ಲುದುರಿದ ಬಾಚಣಿಗೆಯಂತಿರುವುದಕ್ಕೆ ಇದೂ ಒಂದು ಕಾರಣ.

ಗಾಳಿಯ ಮಾತು ಇಷ್ಟಾದರೆ ನೀರಿನದು ಇನ್ನೂ ಬಿಗಿ. 1962ರ ಸೆಪ್ಟೆಂಬರ್ 1ರಂದು ಬಂದ ವಾಂಡಾ ಬಂದರಿನ ನಾರ್ತ್ ಪಾಯಿಂಟ್‌ನಲ್ಲಿ ಸಮುದ್ರವನ್ನು ಸಹಜ ಮಟ್ಟಕ್ಕಿಂತ 1.77 ಮೀಟರ್ ಎತ್ತಿತು. ಅದೇ ತೂಫಾನು ತೋಲೋ ಕೊಲ್ಲಿಯ ತೈ ಪೋ ಕೌನಲ್ಲಿ 3.20 ಮೀಟರ್. ತೋಲೋ ಈಶಾನ್ಯಕ್ಕೆ ಕಿರಿದಾಗಿ ಬಾಯ್ತೆರೆದ ಉದ್ದನೆಯ, ಆಳವಿಲ್ಲದ ಕೊಲ್ಲಿ. ಮೂಡಣ ಗಾಳಿ ಒಳಗೆ ನೂಕಿದ ನೀರಿಗೆ ಹೋಗಲು ಬೇರೆ ಜಾಗವಿಲ್ಲ. 1937ರಲ್ಲೂ ಅದೇ ಕೊಲ್ಲಿಯ ತುದಿಯ ಹಳ್ಳಿಗಳು ಮುಳುಗಿದ್ದವು. ಇನ್ನು 2018ರ ಮಾಂಗ್‌ಖುಟ್. ಅದು ಬಂದರಿನಲ್ಲಿ ನೀರನ್ನು 2.35 ಮೀಟರ್ ಎತ್ತಿತು, ಎಂದರೆ ವಾಂಡಾಕ್ಕಿಂತ ಅರ್ಧ ಮೀಟರಿಗೂ ಹೆಚ್ಚು. ಆದರೆ ಸಮುದ್ರ ಮುಟ್ಟಿದ ಒಟ್ಟು ಎತ್ತರ 3.88 ಮೀಟರ್, ವಾಂಡಾದ್ದು 3.96. ಇದರ ಉತ್ತರ ಪಂಚಾಂಗದಲ್ಲಿದೆ. ವಾಂಡಾ ಬಂದದ್ದು ಅಮಾವಾಸ್ಯೆಯ ಮಗ್ಗುಲಲ್ಲಿ, ಭರತ ಹೆಚ್ಚಿರುವ ದಿನಗಳಲ್ಲಿ. ಮಾಂಗ್‌ಖುಟ್ ಬಂದದ್ದು ಆ ವರ್ಷದ ಗಣೇಶ ಚೌತಿ ಕಳೆದ ಮೂರನೆಯ ದಿನ, ಅರ್ಧಚಂದ್ರದ ಹೊತ್ತಿಗೆ, ಭರತ ಸಣ್ಣದಿರುವಾಗ. ಅದರ ಹಿಂದಿನ ವರ್ಷದ ಹಾಟೋ ಚೌತಿಗೆ ಎರಡು ದಿನ ಮುಂಚೆ, ಅಮಾವಾಸ್ಯೆಯ ಬೆನ್ನಿಗೇ ಬಂದು ಮಕಾವಿನ ತಗ್ಗು ಬೀದಿಗಳನ್ನು ಮುಳುಗಿಸಿ 10 ಜನರನ್ನು ಕೊಂದಿತ್ತು. ಮಾಂಗ್‌ಖುಟ್‌ನಿಂದ ಹಾಂಗ್‌ಕಾಂಗಿನಲ್ಲಿ ಒಬ್ಬರೂ ಸಾಯಲಿಲ್ಲ. ಗಟ್ಟಿ ಕಟ್ಟಡ, ಒಳ್ಳೆಯ ಎಚ್ಚರಿಕೆ ಇದಕ್ಕೆ ಕಾರಣ ಹೌದು. ನೀರಿನ ಮಟ್ಟಿಗೆ ಚಂದ್ರನ ಪಾಲೂ ಸ್ವಲ್ಪ ಇದೆ.

ಈಗ ಗಣಕಯಂತ್ರವೇ ಕೊಲ್ಲಿ ಕೊಲ್ಲಿಯ ಲೆಕ್ಕ ಹಾಕುವಾಗ ಈ ಹಳೆಯ ಊಹೆಯ ಮಾತೇಕೆ ಎನ್ನುವವರಿದ್ದಾರೆ. ಲೆಕ್ಕ ಹಾಕುತ್ತದೆ, ಚೆನ್ನಾಗಿಯೇ ಹಾಕುತ್ತದೆ. ಆದರೆ ಲೆಕ್ಕದಿಂದ ಒಂದು ಊರಿಗೆ ಒಂದು ಸಂಕೇತ ತೆಗೆಯುವಾಗ ಹಳೆಯ ತೊಡಕು ಮತ್ತೆ ಎದುರಾಗುತ್ತದೆ. 2021ರ ಮೇಯಲ್ಲಿ ತೌಕ್ತೆ ನಮ್ಮ ಕರಾವಳಿಯಲ್ಲಿ ದಡ ಹತ್ತಲೇ ಇಲ್ಲ, ಸಮುದ್ರದಲ್ಲೇ ಸಾಗಿ ಗುಜರಾತಿಗೆ ಹೋಯಿತು. ಉಳ್ಳಾಲದ ದಡವನ್ನು ಮಾತ್ರ ಕೊರೆದೇ ಹೋಯಿತು. ನಕ್ಷೆಯ ಮೇಲಿನ ಗೆರೆಯಷ್ಟನ್ನೇ ನೋಡಿದವರಿಗೆ ಅದು ನಮ್ಮನ್ನು ಬಿಟ್ಟು ಹೋದಂತೆ ಕಾಣುತ್ತದೆ. ಹಾಂಗ್‌ಕಾಂಗಿನಲ್ಲಿ 2006ರ ಆಗಸ್ಟಿನಲ್ಲಿ ಪ್ರಾಪಿರೂನ್ ಬಂದಾಗ ವಿಮಾನ ನಿಲ್ದಾಣದ ಕಡೆ ಗಾಳಿ ಎಂಟರ ಬಿರುಸಿಗೆ ಏರಿತ್ತು, ಸಂಕೇತ ಮೂರರಲ್ಲೇ ನಿಂತಿತ್ತು. ಏಕೆಂದರೆ ಸಂಕೇತದ ಅಳತೆ ವಿಕ್ಟೋರಿಯಾ ಬಂದರಿನ ಗಾಳಿ, ಅಲ್ಲಿ ಅಷ್ಟು ಬಿರುಸಿರಲಿಲ್ಲ. ಜನ ಸಿಟ್ಟಾದರು. ಮರುವರ್ಷದಿಂದ ಬಂದರೊಂದನ್ನೇ ನೋಡುವುದು ಬಿಟ್ಟು, ಸಮುದ್ರಮಟ್ಟಕ್ಕೆ ಹತ್ತಿರವಿರುವ ಎಂಟು ಕಡೆಗಳ ಗಾಳಿಮಾಪಕಗಳನ್ನು ಲೆಕ್ಕಕ್ಕೆ ಹಿಡಿದರು. ಅವುಗಳಲ್ಲಿ ಅರ್ಧದಷ್ಟಾದರೂ ಆ ಮಟ್ಟ ಮುಟ್ಟಿದರೆ, ಇಲ್ಲವೆ ಮುಟ್ಟುವಂತಿದ್ದರೆ, ಎಂಟು ಏರುತ್ತದೆ. ಮೊದಲಿಗಿಂತ ಇದು ನ್ಯಾಯವಾದ ಏರ್ಪಾಡು, ಅನುಮಾನವಿಲ್ಲ. ಮೂರು ಕಡೆ ಮಾತ್ರ ಗಾಳಿ ಬೊಬ್ಬಿರಿಯುವ ದಿನ ಆ ಮೂರು ಕಡೆಯವರು ಮನೆಯ ಯಾವ ಬದಿಯ ಕಿಟಕಿ ಮೊದಲು ಭದ್ರಪಡಿಸಬೇಕೆಂದು ತಾವೇ ನೋಡಿಕೊಳ್ಳಬೇಕು. ಎಂಟು ಏರಿದ ದಿನವಾದರೆ ಅದರ ಬಾಲದಲ್ಲಿ ಈಶಾನ್ಯವೋ ಆಗ್ನೇಯವೋ ಎಂಬ ಮಾತು ಇನ್ನೂ ಇದೆ.