ಚಳ್ಳಕೆರೆ–ಮೊಳಕಾಲ್ಮುರು ಸೀಮೆ ಮತ್ತು ಮೂತ್ರಕೋಶದ ಕ್ಯಾನ್ಸರ್: ಕಾರಣ, ಲಕ್ಷಣ, ಅರಿವು

ಸಾರಾಂಶ
ಮೂತ್ರದಲ್ಲಿ ನೋವಿಲ್ಲದೆ ಕಾಣುವ ರಕ್ತವೇ ಮೂತ್ರಕೋಶದ ಕ್ಯಾನ್ಸರಿನ ಮೊದಲ ಹಾಗೂ ಮುಖ್ಯ ಲಕ್ಷಣ. ಬಿಸಿಲು ಹೆಚ್ಚು, ನೀರು ಕಡಿಮೆ ಇರುವ ಸೀಮೆಯಲ್ಲಿ ಈ ಲಕ್ಷಣ ಸುಲಭವಾಗಿ ಕಣ್ತಪ್ಪುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹವೆ ಮತ್ತು ಕಸುಬುಗಳ ಹಿನ್ನೆಲೆಯಲ್ಲಿ ಈ ರೋಗವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೋಗದ ಸ್ವರೂಪ
2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಸುಮಾರು 6.14 ಲಕ್ಷ ಮಂದಿಯಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 2.2 ಲಕ್ಷ ಮಂದಿ ಅದರಿಂದ ತೀರಿಕೊಂಡರು. ರೋಗಿಗಳಲ್ಲಿ ನಾಲ್ವರಿಗೆ ಮೂವರು ಗಂಡಸರು, ಬಹುಪಾಲು 55 ದಾಟಿದವರು. ಗಡ್ಡೆ ಸಾಮಾನ್ಯವಾಗಿ ಮೂತ್ರಕೋಶದ ಒಳಪದರದಲ್ಲಿ ಹುಟ್ಟುತ್ತದೆ. ಪತ್ತೆಯಾಗುವ ವೇಳೆಗೆ ಸುಮಾರು ಮುಕ್ಕಾಲು ಪಾಲು ಪ್ರಕರಣಗಳಲ್ಲಿ ಅದು ಸ್ನಾಯುಪದರಕ್ಕೆ ಇಳಿದಿರುವುದಿಲ್ಲ. ಬೇಗ ಬಂದವರಿಗೆ ಗುಣವಾಗುವ ಅವಕಾಶ ಹೆಚ್ಚಿರುವುದು ಇದರಿಂದಲೇ.

ಕಾರಣಗಳು
ಮೊದಲ ಕಾರಣ ತಂಬಾಕಿನ ಹೊಗೆ. ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಧೂಮಪಾನವೇ ಮೂಲ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ವಿಷಾಂಶ ರಕ್ತ ಸೇರಿ, ಮೂತ್ರಪಿಂಡದಲ್ಲಿ ಸೋಸಲ್ಪಟ್ಟು, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ.

ಎರಡನೆಯದು ಕಸುಬಿಗೆ ಸಂಬಂಧಿಸಿದ್ದು. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೆನ್, ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆಗಳನ್ನು ಗುರುತಿಸಿದ. ಬೆಂಜಿಡಿನ್‌ನಂಥ ರಾಸಾಯನಿಕಗಳೇ ಕಾರಣವೆಂದು ಮುಂದೆ ಖಚಿತವಾಯಿತು. ಭಾರತದಲ್ಲಿ 1990ರ ದಶಕದಲ್ಲಿ ಇಂಥ 112 ಬಣ್ಣಗಳಿಗೆ ನಿಷೇಧ ಬಂತು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇರುವ ಊರು. ಸೀರೆ ಉಡುವವರು ಇದನ್ನು ಓದಿ ಅಂಜಬೇಕಿಲ್ಲ. ಎಚ್ಚರ ಬೇಕಿರುವುದು ಬಿಸಿ ಬಣ್ಣದ ನೀರಿನಲ್ಲಿ ರೇಷ್ಮೆಯ ಲಡಿಗಳನ್ನು ಅದ್ದಿ, ಹಿಂಡಿ, ಹರಡುವ ಕೈಗಳಿಗೆ. ಬಣ್ಣದ ಪುಡಿ ಉಸಿರಿನೊಂದಿಗೂ ಚರ್ಮದ ಮೂಲಕವೂ ಒಳಸೇರುತ್ತದೆ. ಬಣ್ಣದ ಸಂಪರ್ಕಕ್ಕೆ ಬಂದ ಕಾಲಕ್ಕೂ ರೋಗ ತಲೆದೋರುವ ಕಾಲಕ್ಕೂ ಇಪ್ಪತ್ತು ವರ್ಷಗಳ ಅಂತರವೂ ಇರಬಹುದಾದ್ದರಿಂದ, ಕಸುಬು ಬಿಟ್ಟ ಹಿರಿಯರನ್ನೂ ವೈದ್ಯರು ಹಳೆಯ ಕೆಲಸದ ಬಗ್ಗೆ ಕೇಳಬೇಕು.

ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ಕೇಡು. ಆದರೆ ಅದು ಈ ಕ್ಯಾನ್ಸರಿಗೆ ಕಾರಣವೆಂದು ರುಜುವಾತಾಗಿಲ್ಲ.

ಲಕ್ಷಣ ಮರೆಯಾಗುವ ಬಗೆ
ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲೊಂದು. ಶೇಂಗಾ ಹೊಲದಲ್ಲಿ ದುಡಿಯುವವರಿಗೆ, ಕುರಿ ಮೇಯಿಸುವವರಿಗೆ ಬೇಸಿಗೆಯಲ್ಲಿ ಮೂತ್ರ ಗಾಢ ಹಳದಿಯಾಗುವುದು ಮಾಮೂಲು. ಹಾಗಾಗಿ ಮೂತ್ರ ಕೆಂಪಾದರೂ ‘ಉಷ್ಣ ಆಗೈತೆ’ ಎಂದು ಎಳನೀರು, ಬಾರ್ಲಿ ನೀರು ಕುಡಿದು ಸುಮ್ಮನಾಗುತ್ತಾರೆ. ಕ್ಯಾನ್ಸರಿನ ರಕ್ತವೂ ಒಂದೆರಡು ದಿನ ಕಂಡು ತಾನೇ ನಿಲ್ಲುವುದುಂಟು. ಆಗ ಎಳನೀರಿಗೆ ಗುಣವಾಯಿತೆಂಬ ನಂಬಿಕೆ ಗಟ್ಟಿಯಾಗುತ್ತದೆ. ಹೆಂಗಸರಲ್ಲಿ ಇದೇ ರಕ್ತವನ್ನು ಮುಟ್ಟಿನದೆಂದೋ ಮೂತ್ರದ ಸೋಂಕೆಂದೋ ತಿಳಿಯುವುದುಂಟು.

ನೀರಿನ ಕೊರತೆಯಿಂದಾದ ಗಾಢ ಬಣ್ಣ ಚೆನ್ನಾಗಿ ನೀರು ಕುಡಿದರೆ ತಿಳಿಯಾಗುತ್ತದೆ. ಗುಲಾಬಿ, ಕೆಂಪು ಅಥವಾ ಕಾಫಿ ಬಣ್ಣ, ರಕ್ತದ ಹೆಪ್ಪು ಕಂಡರೆ ಪರೀಕ್ಷೆಯೇ ದಾರಿ. ಬೀಟ್‌ರೂಟ್, ಕ್ಷಯರೋಗದ ರಿಫಾಂಪಿಸಿನ್ ಮಾತ್ರೆಯೂ ಮೂತ್ರದ ಬಣ್ಣ ಬದಲಿಸುತ್ತವೆ. ಕೆಂಪು ರಕ್ತಕಣ ಇದೆಯೇ ಎಂಬುದನ್ನು ಸೂಕ್ಷ್ಮದರ್ಶಕದಡಿಯ ಸರಳ ಮೂತ್ರಪರೀಕ್ಷೆ ಹೇಳಿಬಿಡುತ್ತದೆ.

ಪತ್ತೆ ಮತ್ತು ಚಿಕಿತ್ಸೆ
ಮೂತ್ರಪರೀಕ್ಷೆಯ ನಂತರ ಸ್ಕ್ಯಾನಿಂಗ್, ಬಳಿಕ ಸಿಸ್ಟೋಸ್ಕೋಪಿ, ಅಂದರೆ ಮೂತ್ರದ್ವಾರದ ಮೂಲಕ ದರ್ಶಕ ನಳಿಕೆ ತೂರಿಸಿ ಒಳಗನ್ನು ನೋಡುವುದು. ಮೇಲ್ಪದರದ ಗಡ್ಡೆಯನ್ನು ಅದೇ ದಾರಿಯಲ್ಲಿ ಕೆತ್ತಿ ತೆಗೆಯಬಹುದು. ಅಪಾಯ ಹೆಚ್ಚಿರುವಲ್ಲಿ ಮಕ್ಕಳಿಗೆ ಕ್ಷಯದ ವಿರುದ್ಧ ಹಾಕುವ ಬಿ.ಸಿ.ಜಿ.ಯನ್ನೇ ಮೂತ್ರಕೋಶದೊಳಗೆ ತುಂಬಿಸುತ್ತಾರೆ. 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲಿಸ್ ಇದರ ಫಲವನ್ನು ವರದಿ ಮಾಡಿದರು. ಸ್ನಾಯುವಿಗೆ ಇಳಿದ ರೋಗಕ್ಕೆ ಮೂತ್ರಕೋಶವನ್ನೇ ತೆಗೆಯಬೇಕಾಗಬಹುದು. ಈ ರೋಗ ಮರುಕಳಿಸುವ ಸ್ವಭಾವದ್ದು. ವರ್ಷಗಳ ಕಾಲ ಮತ್ತೆ ಮತ್ತೆ ತಪಾಸಣೆಗೆ ಹೋಗಲೇಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಚಳ್ಳಕೆರೆಯಿಂದ ಸುಮಾರು 200 ಕಿ.ಮೀ. ದೂರ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು: ಬಡವರ ತಪಾಸಣೆ ನಿಂತುಹೋಗುವುದು ಇಲ್ಲೇ.

ಉಪಸಂಹಾರ
ಈ ಸೀಮೆಗೆ ಮೊದಲು ಬೇಕಿರುವುದು ದೊಡ್ಡ ಯಂತ್ರವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 50 ದಾಟಿದ, ಬೀಡಿ ಸೇದುವ ಅಥವಾ ಬಣ್ಣದ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ‘ಮೂತ್ರ ಎಂದಾದರೂ ಕೆಂಪಾಗಿತ್ತೇ?’ ಎಂದು ಕೇಳುವ ರೂಢಿ ಬೇಕು. ಬಣ್ಣಗಾರರಿಗೆ ಕೈಗವಸು, ಗಾಳಿಯಾಡುವ ಕೋಣೆ, ನಿಷೇಧಿತ ಬಣ್ಣಗಳ ಅರಿವು ಬೇಕು. ಆಶಾ ಕಾರ್ಯಕರ್ತೆಯರು, ನೇಕಾರರ ಸಹಕಾರ ಸಂಘಗಳು ಈ ಮಾತನ್ನು ಮನೆಮನೆಗೆ ಒಯ್ಯಬೇಕು. ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಾನೇ ನಿಂತಿದ್ದರೂ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳಿ.